ಕಲೆಯೇ ಬೇಲಿಯಾದ ಕಾಡು: ಒಶೊಗ್ಬೊ ದೇವರಬನ ಮತ್ತು ಹೊರಗಿನಿಂದ ಬಂದವರ ಸೇವೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ದೇವರಕಾಡು ಎಂದರೇನೆಂಬುದನ್ನು ಮಲೆನಾಡಿನ ಸಭೆಯೊಂದರಲ್ಲಿ ವಿವರಿಸುವ ಅಗತ್ಯವಿಲ್ಲ. ಕೊಡಗೊಂದರಲ್ಲೇ 1,214 ದೇವರಕಾಡುಗಳು ದಾಖಲಾಗಿವೆ. ಸೊರಬ, ಸಿದ್ದಾಪುರಗಳ ಕಾನುಗಳು, ಕರಾವಳಿಯ ನಾಗಬನಗಳು, ಊರೂರಿನ ಚೌಡಿಬನಗಳು ಒಂದೇ ಭಾವದ ಬೇರೆಬೇರೆ ರೂಪಗಳು. ಕೊಡಲಿ ತಾಗಿಸಬಾರದು, ಬೇಟೆಯಾಡಬಾರದು, ನೀರನ್ನು ಹೊಲಸು ಮಾಡಬಾರದು ಎಂಬ ಕಟ್ಟಳೆಗಳು ಅಲ್ಲೆಲ್ಲ ಇದ್ದವು. ಕಟ್ಟಳೆ ಸಡಿಲಗೊಂಡ ಕಡೆ ಬನ ಹೇಗೆ ಕಿರಿದಾಗುತ್ತಾ ಹೋಯಿತೆಂಬುದನ್ನೂ ತಾವು ಕಣ್ಣಾರೆ ಕಂಡಿದ್ದೀರಿ.

ಇಂಥದೇ ಒಂದು ಬನ ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದಲ್ಲಿದೆ. ಅದರ ಕಟ್ಟಳೆಯೂ ಒಂದು ಕಾಲದಲ್ಲಿ ಸಡಿಲಗೊಂಡಿತ್ತು, ಮರಗಳು ಉರುಳತೊಡಗಿದ್ದವು. ಆದರೆ ಅಲ್ಲಿ ಕಾಡು ಮತ್ತೆ ತಲೆಯೆತ್ತಿ ನಿಂತಿತು. ಅದನ್ನು ನಿಲ್ಲಿಸಿದವರಲ್ಲಿ ಗಾರೆಯವರಿದ್ದರು, ಬಡಗಿಗಳಿದ್ದರು, ಅರ್ಚಕರಿದ್ದರು, ಒಬ್ಬ ಅರಸರಿದ್ದರು. ಅವರ ಜೊತೆಗೆ ಯೂರೋಪಿನಿಂದ ಬಂದ ಒಬ್ಬ ಕಲಾವಿದೆಯೂ ಇದ್ದರು. ಎರಡು ಸಂಸ್ಕೃತಿಗಳ ನಡುವಿನ ಕಲೆಯ ಕೊಡುಕೊಳೆ ಒಂದು ಕಾಡನ್ನು ಕಾಯಬಲ್ಲುದೇ, ಹೊರಗಿನವರು ಒಂದು ಸಮುದಾಯಕ್ಕೆ ಸೇವೆ ಸಲ್ಲಿಸಲು ಬಂದಾಗ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಆ ಬನದ ಚರಿತ್ರೆಯಲ್ಲಿ ಉತ್ತರಗಳಿವೆ.

ಮಡಕೆ ಒಡೆದ ಕಥೆ

ನೈಜೀರಿಯಾದ ನೈಋತ್ಯ ಭಾಗ ಯೊರುಬಾ ಜನರ ನಾಡು. ಅಲ್ಲಿನ ಒಶುನ್ ರಾಜ್ಯದ ರಾಜಧಾನಿ ಒಶೊಗ್ಬೊ. ಊರಿನ ಅಂಚಿನಲ್ಲಿ, ಒಶುನ್ ನದಿಯ ದಂಡೆಯುದ್ದಕ್ಕೂ ಹಬ್ಬಿರುವ ದೇವರಬನದ ವಿಸ್ತಾರ 75 ಹೆಕ್ಟೇರು. ಎಕರೆ ಲೆಕ್ಕದಲ್ಲಿ ಸುಮಾರು 185. ಸುತ್ತಲಿನ 47 ಹೆಕ್ಟೇರನ್ನು ರಕ್ಷಣಾವಲಯವಾಗಿ ಗುರುತಿಸಲಾಗಿದೆ. ದಕ್ಷಿಣ ನೈಜೀರಿಯಾದಲ್ಲಿ ಅಳಿದುಳಿದಿರುವ ಮೂಲ ಮಳೆಕಾಡಿನ ಕೊನೆಯ ತುಣುಕುಗಳಲ್ಲಿ ಇದೂ ಒಂದು. ಅಳಿವಿನಂಚಿನಲ್ಲಿರುವ ಬಿಳಿಕೊರಳಿನ ಕೋತಿಗೆ ಇದು ಆಶ್ರಯ. ಔಷಧಿಗೆ ಬಳಕೆಯಾಗುವ ಗಿಡಮೂಲಿಕೆಗಳು ಇಲ್ಲಿ ಹೇರಳವಾಗಿವೆ. ಯೊರುಬಾ ಜನರು ತಮ್ಮ ದೈವಗಳನ್ನು ಒರಿಶಾ ಎಂದು ಕರೆಯುತ್ತಾರೆ. ಎಲೆ, ಬೇರು, ಮದ್ದುಗಳಿಗೇ ಒಶಾನ್ಯಿನ್ ಎಂಬ ಪ್ರತ್ಯೇಕ ಒರಿಶಾ ಇರುವುದು ಆ ಜನರ ಸಸ್ಯಜ್ಞಾನಕ್ಕೆ ಸಾಕ್ಷಿ.

ನದಿಯೇ ಇಲ್ಲಿ ದೇವತೆ. ಒಶುನ್ ಸಂತಾನವನ್ನು ಕೊಡುವವಳು, ಆರೋಗ್ಯ ಕಾಯುವವಳು. ಊರು ಹುಟ್ಟಿದ ಬಗೆಯನ್ನು ಜನ ಹೀಗೆ ಹೇಳುತ್ತಾರೆ. ನೀರಿನ ಕೊರತೆಯಿಂದ ಹಳೆಯ ಊರನ್ನು ಬಿಟ್ಟು ಹೊರಟ ಲಾರೋಯೆ ಎಂಬ ನಾಯಕ ಮತ್ತು ಟಿಮೆಹಿನ್ ಎಂಬ ಬೇಟೆಗಾರ ತಮ್ಮವರೊಂದಿಗೆ ಈ ನದಿಯ ದಡಕ್ಕೆ ಬಂದರು. ನೆಲೆಯೂರಲೆಂದು ಮರ ಕಡಿದಾಗ ಮರವೊಂದು ನದಿಗೆ ಉರುಳಿತು. ಕೂಡಲೇ ನೀರಿನೊಳಗಿಂದ, ತನ್ನ ನೀಲಿಬಣ್ಣದ ಮಡಕೆಗಳೆಲ್ಲ ಒಡೆದುಹೋದುವೆಂದು ದೇವತೆಯ ಗೋಳು ಕೇಳಿಬಂತು. ಬಂದವರು ಬೆದರಿ ಕ್ಷಮೆ ಬೇಡಿದರು. ನದಿಯ ದಡವನ್ನು ಬಿಟ್ಟು ಮೇಲಕ್ಕೆ ಹೋಗಿ ಊರು ಕಟ್ಟಿಕೊಳ್ಳಬೇಕು, ವರ್ಷಕ್ಕೊಮ್ಮೆ ಪೂಜೆ ಸಲ್ಲಿಸಬೇಕು, ಪ್ರತಿಯಾಗಿ ದೇವತೆ ಜನರನ್ನು ಕಾಯಬೇಕು ಎಂಬ ಒಪ್ಪಂದವಾಯಿತು. ಲಾರೋಯೆಯ ಕೈಗೆ ನದಿಯ ಮೀನೊಂದು ಬಂದು ಸೇರಿತಂತೆ. ಆದ್ದರಿಂದಲೇ ಅಲ್ಲಿನ ಅರಸರ ಬಿರುದು ‘ಅತಾಓಜ’. ಕೈಚಾಚಿ ಮೀನನ್ನು ಪಡೆದವನೆಂದು ಅದರ ಅರ್ಥ.

ಕೃಷಿ ಮತ್ತು ಜಲಾನಯನದ ದೃಷ್ಟಿಯಿಂದ ಈ ಕಥೆಯನ್ನು ಓದಿದರೆ ಅದರಲ್ಲಿ ಒಂದು ನಿಯಮ ಕಾಣುತ್ತದೆ: ನದೀತೀರದ ಕಾಡನ್ನು ಕಡಿಯಬೇಡ, ಊರು ದಡದಿಂದ ದೂರವಿರಲಿ. ಹೊಳೆಯಂಚಿನ ಮರಗಳ ಬೇರು ದಡವನ್ನು ಹಿಡಿದಿಡುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ, ಉದುರಿದ ಎಲೆ ಮೀನಿನ ಆಹಾರಸರಪಳಿಯ ಮೊದಲ ಕೊಂಡಿಯಾಗುತ್ತದೆ. ಒಡೆದ ಮಡಕೆಯ ಕಥೆ ಇದೆಲ್ಲವನ್ನೂ ಮಕ್ಕಳಿಗೂ ನೆನಪುಳಿಯುವಂತೆ ಹೇಳಿತು.

ಒಪ್ಪಂದದ ನೆನಪಾಗಿ ಪ್ರತಿವರ್ಷ ಜುಲೈ ಕೊನೆ ಮತ್ತು ಆಗಸ್ಟ್ ಮೊದಲ ಭಾಗದಲ್ಲಿ 12 ದಿನಗಳ ಉತ್ಸವ ನಡೆಯುತ್ತದೆ. ಹದಿನಾರು ಸೊಡರುಗಳ ದೀಪವನ್ನು ಬೆಳಗುತ್ತಾರೆ. ಹಿಂದಿನ ಅರಸರ ಕಿರೀಟಗಳನ್ನು ಒಟ್ಟಿಗಿರಿಸಿ ಪೂಜಿಸುತ್ತಾರೆ. ಕೊನೆಗೆ ಅರಸುಮನೆತನದ ಕನ್ಯೆಯೊಬ್ಬಳು ನೈವೇದ್ಯ ತುಂಬಿದ ಸೋರೆಬುರುಡೆಯನ್ನು ತಲೆಯ ಮೇಲೆ ಹೊತ್ತು ಅರಮನೆಯಿಂದ ನದಿಯವರೆಗೆ ನಡೆಯುತ್ತಾಳೆ. ಅವಳನ್ನು ‘ಅರುಗ್ಬಾ’ ಎನ್ನುತ್ತಾರೆ. ಅವಳು ಎಡವದೆ ತಲುಪಿದರೆ ಊರಿಗೆ ಒಳಿತೆಂಬ ನಂಬಿಕೆ. ಗುಲಾಮರ ವ್ಯಾಪಾರದ ಕಾಲದಲ್ಲಿ ಹಡಗು ತುಂಬಿ ಒಯ್ಯಲ್ಪಟ್ಟವರ ಮೂಲಕ ಒಶುನ್‌ಳ ಆರಾಧನೆ ಬ್ರೆಜಿಲ್, ಕ್ಯೂಬಾಗಳಿಗೂ ಹೋಯಿತು. ಅವರ ಇಂದಿನ ಪೀಳಿಗೆಯವರು ಉತ್ಸವಕ್ಕಾಗಿ ಅಟ್ಲಾಂಟಿಕ್ ದಾಟಿ ಈ ಬನಕ್ಕೆ ಬರುತ್ತಾರೆ.

ಕಟ್ಟಳೆ ಸಡಿಲಗೊಂಡ ಕಾಲ

ಹಿಂದೆ ಬಹುತೇಕ ಎಲ್ಲ ಯೊರುಬಾ ಊರುಗಳ ಅಂಚಿನಲ್ಲೂ ಇಂಥ ಬನಗಳಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಅವುಗಳಲ್ಲಿ ಹೆಚ್ಚಿನವು ತೊರೆಯಲ್ಪಟ್ಟವು ಇಲ್ಲವೆ ಹಿಡಿಯಷ್ಟಾದವು. ಒಶೊಗ್ಬೊ ಬನವೂ ಅದೇ ಹಾದಿಯಲ್ಲಿತ್ತು. 1950ರ ದಶಕದ ಹೊತ್ತಿಗೆ ಊರಿನ ಜನರಲ್ಲಿ ಹಲವರು ಇಸ್ಲಾಂ ಅಥವಾ ಕ್ರೈಸ್ತ ಧರ್ಮಕ್ಕೆ ಸೇರಿದ್ದರು. ಅರ್ಚಕರ ಸಂಖ್ಯೆ ಇಳಿಯಿತು, ಗುಡಿಗಳು ಪಾಳುಬಿದ್ದವು. ದೇವರ ಮರದ ಮೂರ್ತಿಗಳಿಗೆ ವಿದೇಶದ ಪ್ರಾಚ್ಯವಸ್ತು ಮಾರುಕಟ್ಟೆಯಲ್ಲಿ ಬೆಲೆ ಬಂದುದರಿಂದ ಅವು ಕಳುವಾಗತೊಡಗಿದವು. ಬನದ ಒಂದು ಭಾಗವನ್ನು ಕೃಷಿ ಮತ್ತು ಅರಣ್ಯ ಇಲಾಖೆ ಪ್ರಯೋಗಗಳಿಗೆಂದು ಪಡೆದುಕೊಂಡಿತು. ಸಹಜ ಕಾಡಿನ ಮರಗಳನ್ನು ಕಡಿದು ನೆಡುತೋಪು ಎಬ್ಬಿಸಲಾಯಿತು. ಬೇಟೆ, ಮೀನುಗಾರಿಕೆಗಳೂ ನುಸುಳಿದವು.

ಕೃಷಿವಿಜ್ಞಾನದ ಹೆಸರಿನಲ್ಲಿಯೇ ದೇವರಬನಕ್ಕೆ ಕೊಡಲಿ ಬಿದ್ದಿತೆಂಬುದನ್ನು ಕೃಷಿ ಓದುತ್ತಿರುವ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ನೂರಾರು ಜಾತಿಗಳ ಕಾಡನ್ನು ತೆಗೆದು ಒಂದೆರಡು ಜಾತಿಗಳ ತೋಪು ಬೆಳೆಸುವುದನ್ನು ಅಂದಿನ ಅರಣ್ಯಶಾಸ್ತ್ರ ಅಭಿವೃದ್ಧಿಯೆಂದೇ ಎಣಿಸಿತ್ತು. ನಂಬಿಕೆಯ ಬೇಲಿ ಬಿದ್ದ ಜಾಗಕ್ಕೆ ಇಲಾಖೆ, ಕಳ್ಳ, ವ್ಯಾಪಾರಿ ಈ ಮೂವರೂ ಒಂದೇ ಕಾಲಕ್ಕೆ ಬಂದರು.

ಕಲಿಯಲು ಕುಳಿತ ಅತಿಥಿ

ಸುಸಾನ್ನೆ ವೆಂಗರ್ 1915ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಜನಿಸಿದರು. ಗ್ರಾಜ್ ಮತ್ತು ವಿಯೆನ್ನಾಗಳಲ್ಲಿ ಚಿತ್ರಕಲೆ ಕಲಿತರು. 1950ರಲ್ಲಿ ಪತಿ ಉಲ್ಲಿ ಬೈಯರ್ ಅವರಿಗೆ ಇಬಾದಾನ್‌ನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ದಂಪತಿಗಳು ನೈಜೀರಿಯಾಕ್ಕೆ ಬಂದರು. ಬಂದ ಸ್ವಲ್ಪ ಕಾಲದಲ್ಲೇ ವೆಂಗರ್ ಅವರಿಗೆ ಕ್ಷಯರೋಗ ತಗುಲಿ, ದೀರ್ಘಕಾಲ ಹಾಸಿಗೆ ಹಿಡಿದರು. ಚೇತರಿಸಿಕೊಂಡ ಮೇಲೆ ಏಡೆ ಎಂಬ ಊರಿನಲ್ಲಿ ಒಬಾತಾಲ ದೈವದ ಅರ್ಚಕರಾದ ಅಜಗೆಮೊ ಅವರ ಪರಿಚಯವಾಯಿತು. ಅವರೇ ವೆಂಗರ್ ಅವರಿಗೆ ಗುರುಗಳಾದರು. ಬೈಯರ್ ಅವರಿಂದ ದೂರವಾದ ನಂತರವೂ ವೆಂಗರ್ ಊರಿಗೆ ಮರಳಲಿಲ್ಲ. ಸ್ಥಳೀಯ ವಾದ್ಯಗಾರರೊಬ್ಬರನ್ನು ವಿವಾಹವಾದರು, ಹಲವು ಯೊರುಬಾ ಮಕ್ಕಳನ್ನು ಸಾಕಿದರು, ಒಶೊಗ್ಬೊದ ಇಬೊಕುನ್ ರಸ್ತೆಯ ಹಳೆಯ ಮನೆಯಲ್ಲಿ ಕೊನೆಯವರೆಗೂ ಬಾಳಿದರು. ಜನರು ಅವರಿಗೆ ‘ಅದುನ್ನಿ ಒಲೊರಿಶಾ’ ಎಂದು ಹೆಸರಿಟ್ಟರು. ಒಲೊರಿಶಾ ಎಂದರೆ ಒರಿಶಾಗಳ ಭಕ್ತೆ.

ವೆಂಗರ್ ಅಲ್ಲಿ ಮೊದಲು ಹಿಡಿದದ್ದು ಯೂರೋಪಿನ ಬಣ್ಣವನ್ನಲ್ಲ, ಯೊರುಬಾ ಹೆಂಗಸರ ಗಂಜಿಯನ್ನು. ‘ಅದಿರೆ ಎಲೆಕೊ’ ಎಂಬ ಬಟ್ಟೆಕಲೆ ಆ ನಾಡಿನ ಹೆಂಗಸರದು. ಮರಗೆಣಸಿನ ಹಿಟ್ಟಿಗೆ ಪಟಿಕ ಮತ್ತು ಮೈಲುತುತ್ತ ಸೇರಿಸಿ ಗಂಜಿ ಕಾಯಿಸುತ್ತಾರೆ. ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವವರಿಗೆ ಮೈಲುತುತ್ತ ಗೊತ್ತೇ ಇದೆ. ಅಲ್ಲಿ ಅದು ಕಲೆಯ ಸಾಮಗ್ರಿ. ಈ ಗಂಜಿಯಿಂದ ಕೋಳಿಗರಿಯ ತುದಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಾರೆ. ಕೆಲವೆಡೆ ಗಂಡಸರು ಕತ್ತರಿಸಿಕೊಟ್ಟ ತಗಡಿನ ಅಚ್ಚನ್ನು ಬಳಸುತ್ತಾರೆ. ನೀಲಿಯನ್ನು ಕಾಡಿನ ಒಂದು ದ್ವಿದಳ ಬಳ್ಳಿಯ ಎಲೆಯಿಂದ ತೆಗೆಯುತ್ತಾರೆ. ಎಳೆಯ ಎಲೆಗಳನ್ನು ಕುಟ್ಟಿ ಉಂಡೆ ಕಟ್ಟಿ ಒಣಗಿಸಿ, ಬೂದಿಯಿಂದ ಬಸಿದ ಕ್ಷಾರದ ನೀರಿನಲ್ಲಿ ಮಡಕೆಯೊಳಗೆ ಕೆಲವು ದಿನ ಕೊಳೆಯಲು ಬಿಡುತ್ತಾರೆ. ಬಟ್ಟೆಯನ್ನು ಅದ್ದಿ ಹೊರತೆಗೆದು ಗಾಳಿಗೆ ಹಿಡಿದಾಗ ಹಸಿರು ಛಾಯೆ ಕ್ರಮೇಣ ನೀಲಿಯಾಗುತ್ತದೆ. ಹಲವು ಬಾರಿ ಅದ್ದಿ ಒಣಗಿಸಿ, ಕೊನೆಗೆ ಗಂಜಿಯನ್ನು ಕೆರೆದು ತೆಗೆದರೆ ನೀಲಿಯ ನಡುವೆ ತಿಳಿಯಾದ ಚಿತ್ರ ಉಳಿಯುತ್ತದೆ.

ನದಿಯ ದೇವತೆ ಬಣ್ಣದ ಮಡಕೆಗಳ ಒಡತಿಯಾದುದು ಆಕಸ್ಮಿಕವಲ್ಲ. ಬಳ್ಳಿಗೆ ಕಾಡು ಬೇಕು, ಬೂದಿಗೆ ಸೌದೆ ಬೇಕು, ಮಡಕೆಗೆ ಮಣ್ಣು ಬೇಕು, ಎಲ್ಲಕ್ಕೂ ಶುದ್ಧ ನೀರು ಬೇಕು. ವೆಂಗರ್ ಇದೇ ಗಂಜಿಯ ತಂತ್ರದಲ್ಲಿ ಒರಿಶಾಗಳ ಕಥೆಗಳನ್ನು ದೊಡ್ಡ ಬಟ್ಟೆಗಳ ಮೇಲೆ ಚಿತ್ರಿಸಿದರು. ಆ ನೆಲದ ಸಾಮಗ್ರಿಯನ್ನು, ಆ ನೆಲದ ಹೆಂಗಸರಿಂದ ಕಲಿತು, ಆ ನೆಲದ ಕಥೆಗೆ ಬಳಸಿದುದೇ ಅವರ ಸೇವೆಯ ಮೊದಲ ಹೆಜ್ಜೆ.

ಗೆದ್ದಲು ಹಿಡಿದ ಗುಡಿ

ಪಾಳುಬಿದ್ದ ಗುಡಿಗಳಿಗೆ ಗೆದ್ದಲು ಹಿಡಿದಿತ್ತು. ಅರ್ಚಕರು ವೆಂಗರ್ ಅವರ ನೆರವನ್ನು ಕೋರಿದರು. ಇಲ್ಲಿ ಕರೆದವರು ಅರ್ಚಕರು, ಬಂದವರು ವೆಂಗರ್ ಎಂಬ ಅನುಕ್ರಮವನ್ನು ಮರೆಯಬಾರದು. ಆಗಿನ ಅತಾಓಜ ಒಂದನೆಯ ಅಡೆನ್ಲೆ ಅವರ ಬೆಂಬಲವೂ ದೊರೆಯಿತು. 1950ರ ದಶಕದ ಕೊನೆಯಿಂದ ಆರಂಭವಾದ ಕೆಲಸ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮುಂದುವರಿಯಿತು.

ಕೆಲಸಕ್ಕೆ ಬಂದವರು ಊರಿನ ಕುಶಲಕರ್ಮಿಗಳು. ಅಡೆಬಿಸಿ ಅಕಾಂಜಿ ಗಾರೆಯವರು. ಸಿಮೆಂಟಿನಲ್ಲಿ ಜಾಲರಿಯಂಥ ಗೋಡೆ ಕಟ್ಟುವುದರಲ್ಲಿ ನಿಪುಣರು. ಬುರೈಮೋ ಗ್ಬಡಮೋಸಿ ಬಡಗಿ. ಮುಂದೆ ಕಲ್ಲಿನ ಶಿಲ್ಪಿಯೂ ಆದರು. ಕಸಾಲಿ ಅಕಾಂಗ್ಬೆ ಮರದ ಕೆತ್ತನೆಗಾರರು. ಇವರೆಲ್ಲ ಸೇರಿ ಕೆಮ್ಮಣ್ಣು, ಕಬ್ಬಿಣ, ಸಿಮೆಂಟು, ಮರ, ಕಲ್ಲುಗಳಿಂದ ಗುಡಿಗಳನ್ನು ಮತ್ತೆ ಎತ್ತಿದರು. ಬನದ ದ್ವಾರಗಳನ್ನೂ ಗೋಡೆಗಳನ್ನೂ ಕಟ್ಟಿದರು. ಮರಗಳ ನಡುವೆ ಆಳೆತ್ತರವನ್ನು ಮೀರಿದ ಶಿಲ್ಪಗಳನ್ನು ನಿಲ್ಲಿಸಿದರು. ಮಡಕೆ ಮಾಡುವ, ಬಣ್ಣ ಹಾಕುವ ಹೆಂಗಸರ ಕಸುಬುಗಳ ದೇವತೆಯಾದ ಇಯಾ ಮೊಪೊ ಅಲ್ಲಿ ಬೃಹದಾಕಾರದಲ್ಲಿ ನೆಲೆಗೊಂಡಳು. ಈ ಕೆಲಸಗಾರರಲ್ಲಿ ಹಲವರದು ಮುಸ್ಲಿಂ ಹೆಸರು. ಬುರೈಮೋ ಎಂಬುದು ಇಬ್ರಾಹಿಂ ಎಂಬುದರ ಯೊರುಬಾ ರೂಪ. ನಮಾಜು ಮಾಡುವ ಕೈಗಳೂ ಹಳೆಯ ದೈವದ ಗುಡಿಯನ್ನು ಕಟ್ಟಿದವು. ಊರಿನ ಕಾಡು ಊರಿನ ಎಲ್ಲರದೂ ಎಂಬ ಭಾವ ಅಲ್ಲಿ ಮಾತಿನಲ್ಲಿ ಉಳಿಯದೆ ಕೆಲಸವಾಯಿತು.

ಶಿಲ್ಪ ಕಾಡನ್ನು ಹೇಗೆ ಕಾಯಿತು? ಪಾಳುಬಿದ್ದ ಬನ ಯಾರಿಗೂ ಸೇರದ ಜಾಗದಂತೆ ಕಾಣುತ್ತದೆ. ಕಡಿಯುವವನಿಗೆ ಹಿಂಜರಿಕೆ ಇರುವುದಿಲ್ಲ. ಅದೇ ಜಾಗದಲ್ಲಿ ಹೊಸ ಗುಡಿ ಎದ್ದು, ಪೂಜೆ ನಡೆದು, ಕೆಲಸಗಾರರು ವರ್ಷವಿಡೀ ಓಡಾಡಿದರೆ ಜಾಗಕ್ಕೆ ಹಕ್ಕುದಾರರಿದ್ದಾರೆಂಬುದು ಎಲ್ಲರಿಗೂ ತಿಳಿಯುತ್ತದೆ. ಕದ್ದೊಯ್ಯಬಹುದಾದ ಪುಟ್ಟ ಮರದ ಮೂರ್ತಿಯ ಬದಲು ನೆಲದಲ್ಲಿ ಬೇರುಬಿಟ್ಟಂತೆ ನಿಂತ ಸಿಮೆಂಟಿನ ಶಿಲ್ಪವನ್ನು ಯಾವ ವ್ಯಾಪಾರಿಯೂ ಒಯ್ಯಲಾರ. ಕಣ್ಣಿಗೆ ಕಾಣುವ ಕಲೆ ಕಾನೂನಿಗೂ ದಾರಿ ಮಾಡಿಕೊಟ್ಟಿತು. 1965ರಲ್ಲಿ ಬನದ ಒಂದು ಭಾಗ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಯಿತು. 1992ರಲ್ಲಿ ಆ ರಕ್ಷಣೆ ಇಡೀ 75 ಹೆಕ್ಟೇರಿಗೆ ವಿಸ್ತರಿಸಿತು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸುಕುರ್ ಬಳಿಕ ನೈಜೀರಿಯಾಕ್ಕೆ ಆ ಮನ್ನಣೆ ತಂದ ಎರಡನೆಯ ತಾಣವಿದು. ಮನ್ನಣೆಗೆ ಯುನೆಸ್ಕೋ ಕೊಟ್ಟ ಕಾರಣಗಳಲ್ಲಿ, ವೆಂಗರ್ ಅವರನ್ನು ಯೊರುಬಾ ಸಮುದಾಯ ತನ್ನೊಳಗೆ ಸೇರಿಸಿಕೊಂಡುದರಿಂದ ನಡೆದ ವಿಚಾರಗಳ ಕೊಡುಕೊಳೆಯೂ ಒಂದು. ಸೇರಿಸಿಕೊಂಡದ್ದು ಸಮುದಾಯ ಎಂಬುದರಲ್ಲೇ ಸತ್ವವಿದೆ.

ಕಂಡರೆ ಸಂತೋಷ

ಬನದ ಹೊರಗೆ, ಊರಿನೊಳಗೆ, ಇನ್ನೊಂದು ಬಗೆಯ ಕೊಡುಕೊಳೆ ನಡೆಯಿತು. ಡುರೊ ಲಡಿಪೊ ಎಂಬ ಸಂಗೀತಗಾರರು ಚರ್ಚಿನ ಪ್ರಾರ್ಥನಾಗೀತೆಗಳಿಗೆ ಯೊರುಬಾ ಚರ್ಮವಾದ್ಯಗಳನ್ನು ಬಳಸಿದಾಗ ಅಲ್ಲಿ ವಿರೋಧ ಬಂತು. ಅವರು ಬೈಯರ್ ಅವರೊಡಗೂಡಿ 1962ರಲ್ಲಿ ಒಶೊಗ್ಬೊದಲ್ಲಿ ಒಂದು ಕಲಾಕೂಟವನ್ನು ತೆರೆದರು. ಇಬಾದಾನ್‌ನಲ್ಲಿ ಅದಕ್ಕಿಂತ ಮೊದಲೇ ಲೇಖಕರು, ಕಲಾವಿದರು ‘ಎಂಬಾರಿ’ ಹೆಸರಿನ ಕೂಟವನ್ನು ನಡೆಸುತ್ತಿದ್ದರು. ಎಂಬಾರಿ ಇಗ್ಬೊ ಜನರ ಮಾತು. ಅವರು ಭೂದೇವತೆಗಾಗಿ ಮಣ್ಣಿನ ಮೂರ್ತಿಗಳ ಮನೆಯೊಂದನ್ನು ಬಹುಕಾಲ ದುಡಿದು ಕಟ್ಟುತ್ತಾರೆ; ಕಟ್ಟಿ ಮುಗಿದ ಮೇಲೆ ಮಳೆಗಾಳಿಗೆ ಬಿಟ್ಟುಬಿಡುತ್ತಾರೆ. ಈ ಪರಕೀಯ ಪದ ಒಶೊಗ್ಬೊ ಜನರ ಕಿವಿಯಲ್ಲಿ ‘ಎಂಬಾರಿ ಎಂಬಾಯೊ’ ಆಯಿತು. ಯೊರುಬಾ ಭಾಷೆಯಲ್ಲಿ ಅದರ ಅರ್ಥ, ಕಂಡರೆ ಸಂತೋಷಪಡುತ್ತೇವೆ ಎಂದು. ಹೊರಗಿನ ಹೆಸರನ್ನು ಊರು ತನ್ನ ನುಡಿಯಾಗಿ ತಿರುಗಿಸಿಕೊಂಡ ಬಗೆಯಿದು.

ಗಯಾನಾ ಮೂಲದ ಕಲಾವಿದ ಡೆನಿಸ್ ವಿಲಿಯಮ್ಸ್ ಮತ್ತು ಅವರ ನಂತರ, 1964ರಲ್ಲಿ, ಜಾರ್ಜಿನಾ ಎಂಬ ಇಂಗ್ಲಿಷ್ ಕಲಾವಿದೆ ಅಲ್ಲಿ ಕೆಲವೇ ದಿನಗಳ ಚಿತ್ರಕಲಾ ಕಮ್ಮಟಗಳನ್ನು ನಡೆಸಿದರು. ಬಂದವರು ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದವರು. ಟ್ವಿನ್ಸ್ ಸೆವೆನ್ ಸೆವೆನ್ ಎಂದು ಹೆಸರಾದವರು ಔಷಧಿ ಮಾರುವ ತಂಡದೊಂದಿಗೆ ಕುಣಿಯುತ್ತಿದ್ದರು. ಜಿಮೋ ಬುರೈಮೋ ಲಡಿಪೊ ನಾಟಕಗಳಿಗೆ ದೀಪ ಜೋಡಿಸುವ ವಿದ್ಯುತ್ ಕೆಲಸಗಾರರು. ಅರಸರ ಕಿರೀಟಗಳ ಮಣಿಕೆಲಸವನ್ನು ಚಿತ್ರಫಲಕಕ್ಕೆ ತಂದು ಅವರು ಹೊಸ ದಾರಿ ತೆರೆದರು. ಶಾಂಗೊ ದೈವದ ಕಥೆಯನ್ನಾಧರಿಸಿದ ಲಡಿಪೊ ಅವರ ‘ಒಬಾ ಕೊಸೊ’ ನಾಟಕ 1964ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಗೊಂಡಿತು. ಟ್ವಿನ್ಸ್ ಸೆವೆನ್ ಸೆವೆನ್ ಅವರನ್ನು ವಿವಾಹವಾಗಿ, ಬಾಟಿಕ್ ಮತ್ತು ಅದಿರೆ ಕಲೆಗಳಲ್ಲಿ ಪಳಗಿದ ನಿಕೆ ಡೇವಿಸ್ ಒಕುಂಡಾಯೆ 1983ರಲ್ಲಿ ಒಶೊಗ್ಬೊದಲ್ಲಿ ಕಲಾಕೇಂದ್ರವೊಂದನ್ನು ಸ್ಥಾಪಿಸಿ, ಯುವಕ ಯುವತಿಯರಿಗೆ ಶುಲ್ಕವಿಲ್ಲದೆ ಕಲಿಸಿದರು. ಹೊರಗಿನಿಂದ ಬಂದವರು ಹಚ್ಚಿದ ದೀಪಕ್ಕೆ ಊರಿನ ಹೆಣ್ಣುಮಗಳು ಎಣ್ಣೆ ಹೊಯ್ದರು.

ಟೀಕೆಯ ಮಾತುಗಳು

ಈ ಕಥೆಯನ್ನು ಬರಿಯ ಹೊಗಳಿಕೆಯಲ್ಲಿ ಮುಗಿಸುವುದು ನ್ಯಾಯವಲ್ಲ. ನಾಲ್ಕೈದು ದಿನಗಳ ಕಮ್ಮಟದಿಂದ ಕಲಾವಿದರು ರೂಪುಗೊಳ್ಳುತ್ತಾರೆಂಬ ಭಾವನೆಯನ್ನು ನೈಜೀರಿಯಾದ ಶಿಕ್ಷಿತ ಕಲಾವಿದರು ಪ್ರಶ್ನಿಸಿದರು. ಆಫ್ರಿಕದವರು ಓದದೆ, ಮುಗ್ಧರಾಗಿಯೇ ಉಳಿಯಬೇಕೆಂಬ ಯೂರೋಪಿನ ಅಪೇಕ್ಷೆ ಇದರ ಹಿಂದೆ ಇದೆಯೆಂಬುದು ಅವರ ಆಕ್ಷೇಪ. ಮೊದಲ ಕಲಾವಿದರ ಶೈಲಿಯನ್ನು ಅನುಕರಿಸಿದ ಅಗ್ಗದ ಚಿತ್ರಗಳು ಪ್ರವಾಸಿಗಳ ಮಾರುಕಟ್ಟೆಯನ್ನು ತುಂಬಿದುದೂ ನಿಜ. ಬನದ ಶಿಲ್ಪಗಳು ಯೊರುಬಾ ಪರಂಪರೆಯ ಮರದ ಮೂರ್ತಿಗಳಂತಿಲ್ಲ, ಅವುಗಳಲ್ಲಿ ವೆಂಗರ್ ಅವರ ಕಲ್ಪನೆಯೇ ಹೆಚ್ಚೆಂಬ ಮಾತೂ ಇದೆ. ಬೈಯರ್ 1966ರ ಕೊನೆಗೆ ನೈಜೀರಿಯಾ ತೊರೆದರು, ವೆಂಗರ್ ಉಳಿದರು. ಈ ಟೀಕೆಗಳಲ್ಲಿ ಹುರುಳಿದೆ. ಆದರೂ ಎರಡು ಪ್ರಯತ್ನಗಳಿಗಿರುವ ವ್ಯತ್ಯಾಸವನ್ನು ಗುರುತಿಸಬೇಕು. ಕಮ್ಮಟ ಮಾರಬಲ್ಲ ವಸ್ತುವನ್ನು ಕೊಟ್ಟಿತು, ಕೆಲವರಿಗೆ ಬದುಕು ಕೊಟ್ಟಿತು. ಬನದ ಕೆಲಸ ಮಾರಲಾಗದ ವಸ್ತುವನ್ನು ಕೊಟ್ಟಿತು, ಊರಿಗೆ ಕಾಡನ್ನು ಉಳಿಸಿಕೊಟ್ಟಿತು. ಎರಡೂ ಬೇಕು, ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ಸ್ವಯಂಸೇವೆಗೆ ನಾಲ್ಕು ಒರೆಗಲ್ಲುಗಳು

ಇಂದು ಘಾನಾ, ಸೆನೆಗಲ್, ನೈಜೀರಿಯಾ ಮೊದಲಾದ ದೇಶಗಳಿಗೆ ದೂರದ ಯುವಜನರು ಕೆಲವು ವಾರಗಳ ಸ್ವಯಂಸೇವೆಗೆಂದು ಹೋಗುತ್ತಾರೆ. ಗೋಡೆಗೆ ಚಿತ್ರ ಬರೆಯುತ್ತಾರೆ, ಮಕ್ಕಳಿಗೆ ಹಾಡು ಕಲಿಸುತ್ತಾರೆ, ಡೋಲು ಬಾರಿಸಲು ಕಲಿಯುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಫಲವೂ ಒಳ್ಳೆಯದಾಗಬೇಕೆಂದಿಲ್ಲ. ಒಶೊಗ್ಬೊದ ಅರ್ಧ ಶತಮಾನದ ಅನುಭವ ನಾಲ್ಕು ಒರೆಗಲ್ಲುಗಳನ್ನು ಒದಗಿಸುತ್ತದೆ.

ಮೊದಲನೆಯದು, ಕರೆದವರು ಯಾರು? ಅಲ್ಲಿ ಗೆದ್ದಲು ಹಿಡಿದ ಗುಡಿಗೆ ನೆರವು ಕೇಳಿದವರು ಅರ್ಚಕರು. ಎರಡನೆಯದು, ಮೊದಲು ಕಲಿತವರು ಯಾರು? ಅತಿಥಿ ಅಜಗೆಮೊ ಅವರ ಬಳಿ ಕುಳಿತು, ಬಣ್ಣದ ಹೆಂಗಸರ ಬಳಿ ಕುಳಿತು ಕಲಿತ ನಂತರವೇ ಗೋಡೆ ಎದ್ದದ್ದು. ಮೂರನೆಯದು, ಸಾಮಗ್ರಿಯೂ ಕೈಗಳೂ ಯಾರವು? ಊರಿನ ಮಣ್ಣು, ಊರಿನ ಗಾರೆಯವರು ಇದ್ದುದರಿಂದ ವಿದ್ಯೆ ಊರಿನಲ್ಲೇ ಉಳಿಯಿತು. ನಾಲ್ಕನೆಯದು, ಬಂದವರು ಹೋದ ಮೇಲೆ ಏನಾಗುತ್ತದೆ? ವೆಂಗರ್ 2009ರ ಜನವರಿಯಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅನಂತರವೂ ಶಿಲ್ಪಗಳ ದುರಸ್ತಿ ನಿಲ್ಲಲಿಲ್ಲ. ಅವರೊಂದಿಗೆ ದುಡಿದಿದ್ದ ಹಳೆಯ ಕಲಾವಿದರು ಮುಂದೆ ಬಂದರು. ನೈಜೀರಿಯಾದಲ್ಲಿ ಸ್ವಯಂಸೇವೆಯಿಂದ ನಡೆಯುವ ‘ಅದುನ್ನಿ ಒಲೊರಿಶಾ ಟ್ರಸ್ಟ್’ ಅವರ ಬೆನ್ನಿಗೆ ನಿಂತಿತು.

ದುರಸ್ತಿ ಎಂಬುದು ಅಲ್ಲಿ ಮುಗಿಯದ ಕೆಲಸ. ಮಳೆಕಾಡಿನ ತೇವದಲ್ಲಿ ಸಿಮೆಂಟು ಬಿರಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾವಸೆ ಹತ್ತುತ್ತದೆ, ಬೇರು ಬುಡವನ್ನು ಎತ್ತುತ್ತದೆ. ಮಾಡಿನ ಹುಲ್ಲನ್ನು, ಕಾಲುಸಂಕದ ದಬ್ಬೆಯನ್ನು ಆಗಾಗ ಬದಲಿಸುವ ಮಲೆನಾಡಿನವರಿಗೆ ಇದು ಹೊಸದಲ್ಲ. ಪ್ರತಿ ಪೀಳಿಗೆ ಮತ್ತೆ ಕಟ್ಟಬೇಕಾದುದರಿಂದಲೇ ಕಟ್ಟುವ ವಿದ್ಯೆ ಮರೆಯುವುದಿಲ್ಲ.

ಬೇಲಿ ತಡೆಯಲಾಗದ ನೀರು

ಇಷ್ಟಾದರೂ ಬನದ ಎದುರು ಇಂದು ಇರುವ ಸಂಕಟ ಶಿಲ್ಪದಿಂದ ಬಗೆಹರಿಯುವಂಥದಲ್ಲ. ಒಶುನ್ ನದಿ ಎಕಿಟಿ ಬೆಟ್ಟಗಳಲ್ಲಿ ಹುಟ್ಟಿ, ಒಶೊಗ್ಬೊ ಮೂಲಕ ಹರಿದು, ದಕ್ಷಿಣದ ಲೆಕ್ಕಿ ಹಿನ್ನೀರನ್ನು ಸೇರುತ್ತದೆ. ಮೇಲ್ಭಾಗದ ಇಜೆಶಾ ಪ್ರದೇಶದಲ್ಲಿ ಚಿನ್ನದ ಗಣಿಗಾರಿಕೆ ಹೆಚ್ಚಿದೆ. ಅದರಲ್ಲಿ ಪರವಾನಗಿಯಿಲ್ಲದ ಅಗೆತವೂ ಸೇರಿದೆ. ತೊರೆಯ ದಡವನ್ನು ಅಗೆದು ಮಣ್ಣನ್ನು ತೊಳೆದಾಗ ಕೆಸರೆಲ್ಲ ನದಿಗೆ ಬರುತ್ತದೆ. ಸಣ್ಣ ಪ್ರಮಾಣದ ಚಿನ್ನ ಶೋಧನೆಯಲ್ಲಿ ಪಾದರಸ ಬಳಸುವ ರೂಢಿ ಹಲವು ದೇಶಗಳಲ್ಲಿದೆ. ಪಾದರಸ ಚಿನ್ನದ ಕಣಗಳನ್ನು ಹಿಡಿದುಕೊಳ್ಳುತ್ತದೆ. ಅನಂತರ ಕಾಯಿಸಿ ಬೇರ್ಪಡಿಸುತ್ತಾರೆ. ಚೆಲ್ಲಿದ ಪಾದರಸ ಹೊಳೆಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳಿಂದ ಇನ್ನೂ ಹೆಚ್ಚು ವಿಷಕಾರಿಯಾದ ರೂಪಕ್ಕೆ ತಿರುಗಿ ಮೀನಿನ ಮೈಗೆ ಸೇರುತ್ತದೆ. ಮೀನಿನಿಂದ ಮನುಷ್ಯರಿಗೆ, ಬಸುರಿಯಿಂದ ಗರ್ಭದ ಶಿಶುವಿಗೆ ಸಾಗುತ್ತದೆ.

ಒಶೊಗ್ಬೊದಲ್ಲಿ ನದಿ ಕಂದುಬಣ್ಣಕ್ಕೆ ತಿರುಗಿತು. 2022ರ ಉತ್ಸವದ ಸಮಯದಲ್ಲಿ ನದಿಯ ನೀರನ್ನು ಕುಡಿಯಬೇಡಿರೆಂದು ರಾಜ್ಯ ಸರ್ಕಾರವೇ ಭಕ್ತರನ್ನು ಎಚ್ಚರಿಸಬೇಕಾಯಿತು. ಸಂತಾನ ಬೇಡಿ ಬಂದ ಹೆಂಗಸರು ಶೀಶೆಗಳಲ್ಲಿ ತುಂಬಿಕೊಂಡು ಕುಡಿಯುವ ತೀರ್ಥವದು. ಗರ್ಭವನ್ನು ಕಾಯುವಳೆಂದು ನಂಬಿದ ನೀರೇ ಗರ್ಭಕ್ಕೆ ಅಪಾಯವಾಗಬಹುದಾದ ಸ್ಥಿತಿ ಬಂತು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೆ ಮಳೆಗಾಲದ ಭದ್ರೆಯಲ್ಲಿ ಗಣಿಯ ಕೆಸರು ಹರಿಯುವುದನ್ನು ಕಂಡ ಹಿರಿಯರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬನದ 75 ಹೆಕ್ಟೇರಿಗೆ ಅರ್ಚಕರಿದ್ದಾರೆ, ಕಲಾವಿದರಿದ್ದಾರೆ, ಕಾನೂನಿದೆ, ವಿಶ್ವದ ಮನ್ನಣೆಯಿದೆ. ನದಿಯ ಮೇಲಿನ ಹರಿವಿಗೆ ಇವಾವುವೂ ಇಲ್ಲ. ದೇವರಬನವನ್ನು ಕಾಯುವವರು ಜಲಾನಯನವನ್ನೂ ಕಾಯಬೇಕಾಗಿದೆ. ನೀರಿನ ಪರೀಕ್ಷೆ ನಡೆಸಿ ಫಲಿತಾಂಶವನ್ನು ಊರಿನ ಭಾಷೆಯಲ್ಲಿ ಪ್ರಕಟಿಸಬೇಕಾಗಿದೆ. ಗಣಿಯ ಅಂಚಿನ ಬಡವರಿಗೆ ಬೇರೆ ದುಡಿಮೆ ಕಾಣಿಸಬೇಕಾಗಿದೆ. ಅಲ್ಲಿಗೆ ಸೇವೆಗೆಂದು ಹೋಗುವ ಯುವಜನರಿಗೆ ಇಂದು ಕುಂಚದೊಂದಿಗೆ ನೀರಿನ ಮಾದರಿ ತುಂಬುವ ಶೀಶೆಯೂ ಬೇಕಾಗಿದೆ. ಶೀಶೆಯನ್ನು ಹಿಡಿಯುವ ಮುನ್ನ ಅವರೂ ಅರ್ಚಕರ ಅನುಮತಿ ಕೇಳಬೇಕು, ಹೊಳೆಯ ದಂಡೆಯ ಹೆಂಗಸರಿಂದ ನೀರಿನ ಬಣ್ಣ, ವಾಸನೆ, ಮೀನಿನ ಚರಿತ್ರೆಯನ್ನು ಕೇಳಿ ತಿಳಿಯಬೇಕು.

ವಿದ್ಯಾರ್ಥಿ ಮಿತ್ರರೇ, ಮಲೆನಾಡಿನ ಹಳ್ಳಿಗಳಿಗೂ ಶಿಬಿರ, ಅಧ್ಯಯನ, ಸೇವೆಗಳೆಂದು ಹೊರಗಿನವರು ಬರುತ್ತಾರೆ; ತಾವೂ ಬೇರೆ ಊರುಗಳಿಗೆ ಹಾಗೆಯೇ ಹೋಗುತ್ತೀರಿ. ಹಿರಿಯರೇ, ಬಂದವರನ್ನು ಒರೆಗೆ ಹಚ್ಚುವ ಅಧಿಕಾರ ತಮ್ಮದು. ಕರೆದು ಬಂದರೇ, ಕಲಿಯಲು ಕುಳಿತರೇ, ಊರಿನ ಕೈಗಳಿಗೆ ಕೆಲಸ ಒಪ್ಪಿಸಿದರೇ, ಹೋದ ಮೇಲೆ ಏನು ಉಳಿಯಿತು ಎಂದು ಕೇಳಿರಿ. ನದಿಗೆ ಉರುಳಿದ ಮರದಿಂದ ಒಡೆದ ಮಡಕೆಯ ಸದ್ದನ್ನು ಒಶೊಗ್ಬೊದ ಹಿರಿಯರು ಕೇಳಿಸಿಕೊಂಡುದರಿಂದ ಆ ಕಾಡು ಉಳಿಯಿತು. ಊರೂರಿನ ಹೊಳೆಗಳಲ್ಲಿ ಏನೇನು ಒಡೆಯುತ್ತಿದೆಯೆಂದು ಕಿವಿಗೊಟ್ಟು ಕೇಳುವ ಕೆಲಸ ಮಲೆನಾಡಿನಲ್ಲಿಯೂ ಬಾಕಿಯಿದೆ.